ಹಾಡು ಕಟ್ಟುವವನೇ ಹೋದ ಮೇಲೆ ನಾವು ಹಾಡು ಕಟ್ಟಿದ್ದು ಹೇಗೆ

ನಮ್ಮದು ಕಾಸರಗೋಡಿನ ಬ್ಯಾಂಡ್. ನಾನು ಕೀಬೋರ್ಡ್ ನುಡಿಸುತ್ತೇನೆ. ಬದಿಯಡ್ಕದ ಹತ್ತಿರ ಒಂದು ಹಳೇ ಅಡಿಕೆ ಗೋದಾಮಿನಲ್ಲಿ ಅಭ್ಯಾಸ. ಗೋಡೆ ತುಂಬ ಗೋಣಿಚೀಲ ಕಟ್ಟಿದ್ದೇವೆ, ಆದರೂ ಮಳೆ ಜೋರಾಯಿತೆಂದರೆ ಶೀಟಿನ ಮಾಡಿನ ಸದ್ದಿಗೆ ಡ್ರಮ್ಮೇ ಕೇಳುವುದಿಲ್ಲ. ನಾವು ನುಡಿಸುವುದು ಪ್ರೊಗ್ರೆಸಿವ್ ರಾಕ್. ಹತ್ತು ಹನ್ನೆರಡು ನಿಮಿಷದ ಹಾಡು, ನಡುನಡುವೆ ತಾಳ ಬದಲಾಗುತ್ತದೆ, ಪಲ್ಲವಿ ಎಲ್ಲಿ ಅಂತ ಕೇಳಿದರೆ ನಾವೇ ಸ್ವಲ್ಪ ಹುಡುಕಬೇಕು. ಈ ಊರಲ್ಲಿ ಇದನ್ನೆಲ್ಲ ಕೇಳುವವರು ಇದ್ದಾರಾ ಅಂತ ಅನುಮಾನ ಬೇಡ. ಇದ್ದಾರೆ, ಸ್ವಲ್ಪ.

ಹಾಡು ಬರೆಯುತ್ತಿದ್ದವನು ನಮ್ಮ ಗಿಟಾರಿನವನು. ಹಾಡುತ್ತಿದ್ದವನೂ ಅವನೇ. ಗಲ್ಫಿನಲ್ಲಿ ಕೆಲಸ ಸಿಕ್ಕಿತು, ಹೋದ. ಜಗಳಗಿಗಳ ಏನೂ ಇಲ್ಲ, ನಾವೇ ಮಂಗಳೂರು ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಬೇರೆ ಗಿಟಾರಿನವ ಬೇಗ ಸಿಕ್ಕಿದ. ಹಾಡು ಮಾತ್ರ ಹುಟ್ಟಲಿಲ್ಲ.

ಈ ಪಾಡು ದೊಡ್ಡ ಬ್ಯಾಂಡುಗಳದ್ದೂ ಆಗಿದೆ ಅಲ್ವಾ, ಅವರು ಏನು ಮಾಡಿದರು ನೋಡೋಣ ಅಂತ ಒಂದಷ್ಟು ಸಂಜೆ ಸುಮ್ನೆ ಕೂತು ಹಳೇ ರೆಕಾರ್ಡುಗಳನ್ನು ಕೇಳಿದೆವು. 1975ರಲ್ಲಿ ಹಾಡುಗಾರ ಪೀಟರ್ ಗೇಬ್ರಿಯಲ್ ಹೊರಟಾಗ ಜೆನೆಸಿಸ್ ಬ್ಯಾಂಡಿನ ಕತೆ ಮುಗಿಯಿತು ಅಂತ ತುಂಬ ಜನ ಅಂದುಕೊಂಡಿದ್ದರು. ಆದರೆ ಅಲ್ಲಿ ಟೋನಿ ಬ್ಯಾಂಕ್ಸ್, ಮೈಕ್ ರುದರ್‌ಫೋರ್ಡ್ ಮೊದಲಿಂದಲೂ ಸಂಗೀತ ಬರೆಯುತ್ತಲೇ ಇದ್ದವರು, ಡ್ರಮ್ಮರ್ ಫಿಲ್ ಕಾಲಿನ್ಸ್ ಹಾಡಲು ನಿಂತ, 1976ರಲ್ಲಿ ಮುಂದಿನ ರೆಕಾರ್ಡ್ ಬಂತು. ಮರಿಲಿಯನ್‌ನಲ್ಲಿ ಹಾಡುಗಾರ ಫಿಶ್ 1988ರಲ್ಲಿ ಹೋದ. ಸಾಹಿತ್ಯ ಅವನದ್ದು, ಅವನ ಜೊತೆ ಹೋಯಿತು. ಸಂಗೀತ ಉಳಿದವರದ್ದು, ಉಳಿಯಿತು. ಅದಕ್ಕೆ ಹೊಸ ಸಾಹಿತ್ಯ ಹಾಕಿ 1989ರಲ್ಲಿ ರೆಕಾರ್ಡ್ ತಂದರು. ಇವರಿಬ್ಬರ ಕಷ್ಟ ನಮ್ಮ ಕಷ್ಟದ ಹಾಗಿರಲಿಲ್ಲ.

ನಮ್ಮದಕ್ಕೆ ಹತ್ತಿರ ಬಂದದ್ದು ಅಮೆರಿಕದ ಸ್ಪಾಕ್ಸ್ ಬಿಯರ್ಡ್. ಅಲ್ಲಿ ನೀಲ್ ಮೋರ್ಸ್ ಹಾಡುಗಾರ, ಕೀಬೋರ್ಡಿನವ, ಹೆಚ್ಚುಕಡಿಮೆ ಎಲ್ಲ ಹಾಡುಗಳನ್ನೂ ಬರೆಯುತ್ತಿದ್ದವ. 2002ರಲ್ಲಿ 'ಸ್ನೋ' ಅನ್ನುವ ಡಬಲ್ ಆಲ್ಬಮ್ ಮುಗಿಸಿ, ದೇವರ ದಾರಿ ಹಿಡಿಯುತ್ತೇನೆ ಅಂತ ಹೊರಟ. ಅವನ ಅಣ್ಣತಮ್ಮನೇ ಆದ ಅಲನ್ ಮೋರ್ಸ್ ಬ್ಯಾಂಡಿನಲ್ಲೇ ಉಳಿದ. ಡ್ರಮ್ಮರ್ ನಿಕ್ ಡಿವರ್ಜಿಲಿಯೋ ಮುಂದೆ ಬಂದು ಹಾಡಿದ. ಮರುವರ್ಷವೇ 'ಫೀಲ್ ಯುಫೋರಿಯಾ' ಬಂತು. ನನ್ನ ಕಿವಿಗೆ ಅದು ಚೂರುಚೂರಾಗಿಯೇ ಕೇಳುತ್ತದೆ, ಒಳ್ಳೊಳ್ಳೆ ತುಂಡುಗಳಿವೆ ಆದರೆ ಒಂದಕ್ಕೊಂದು ಅಂಟಿಲ್ಲ. 2010ರ 'ಎಕ್ಸ್' ಹೊತ್ತಿಗೆ ಅಂಟಿತು. ನಡುವೆ ಅವರು ಮಾಡಿದ ಒಂದು ಕೆಲಸ ನನಗೆ ಮುಖ್ಯ ಅನಿಸಿತು: ಬ್ಯಾಂಡಿನಲ್ಲಿ ನುಡಿಸದ ಜಾನ್ ಬೋಗೆಹೋಲ್ಡ್ ಅನ್ನುವವರ ಜೊತೆ ಸೇರಿ ಹಾಡು ಬರೆದರು. ವೇದಿಕೆ ಹತ್ತದವನೂ ಹಾಡು ಕಟ್ಟಬಹುದು, ಅದರಲ್ಲಿ ಮರ್ಯಾದೆಗೇಡು ಏನೂ ಇಲ್ಲ.

ಇನ್ನು ನಮ್ಮ ಕತೆ. ಹೋದವನು ತನ್ನ ಫೋನಿನಲ್ಲಿ ಗುನುಗಿಟ್ಟಿದ್ದ ರಾಗಗಳನ್ನೆಲ್ಲ ನಮಗೆ ಕಳಿಸಿದ್ದ. ಅದನ್ನು ಮುಟ್ಟುವುದು ಬೇಡ ಅಂತ ನಾನೇ ಹಟ ಹಿಡಿದೆ. ಯಾಕೆಂದರೆ ಅದನ್ನು ಹಾಕಿ ಕೂತರೆ ಎಲ್ಲರೂ 'ಅವನಾಗಿದ್ದರೆ ಇಲ್ಲಿ ಏನು ಮಾಡುತ್ತಿದ್ದ' ಅಂತಲೇ ಯೋಚಿಸುತ್ತಾರೆ, ಮತ್ತೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಮರಳುಗಾಡಿನಲ್ಲಿ ನೈಟ್ ಶಿಫ್ಟಿನಲ್ಲಿರುತ್ತಾನೆ.

ನುಡಿಸುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ರಾಗಕ್ಕೆ ನಮ್ಮಲ್ಲಿ ಬರ ಇರಲಿಲ್ಲ. ಪ್ರತಿಯೊಬ್ಬರ ಬೆರಳಲ್ಲೂ ಏನಾದರೊಂದು ಇತ್ತು. ಇಲ್ಲದ್ದು 'ಇದು ಸಾಕು, ಇದು ಬೇಡ' ಅನ್ನುವ ಜನ. ಹೋದವನು ಕೈ ಎತ್ತಿದರೆ ನಾನು ಸೋಲೋ ನಿಲ್ಲಿಸುತ್ತಿದ್ದೆ. ಈಗ ಯಾರೂ ಕೈ ಎತ್ತುವುದಿಲ್ಲ. ಎಲ್ಲರಿಗೂ ಸಂಕೋಚ. ಹಾಗಾಗಿ ಒಂದೊಂದು ಹಾಡಿಗೆ ಒಬ್ಬೊಬ್ಬ ಯಜಮಾನ ಅಂತ ಮಾಡಿದೆವು. ಆ ಹಾಡಿನ ಮಟ್ಟಿಗೆ ಅವನು ಬೇಡ ಅಂದದ್ದು ಬೇಡ, ವಾದ ಇಲ್ಲ. ತಾನು ಬರೆದ ಭಾಗ ಜಾಸ್ತಿ ಇರುವ ಹಾಡಿಗೆ ಯಜಮಾನ ಆಗುವಂತಿಲ್ಲ. ನಮ್ಮ ಬ್ಯಾಂಡ್ ಉಳಿದದ್ದು ಇದರಿಂದ ಅಂತಲೇ ನನ್ನ ನಂಬಿಕೆ.

ಮೊದಲ ಹಾಡು ಹುಟ್ಟಿದ್ದು ಡ್ರಮ್ಮಿನಿಂದ. ನಮ್ಮ ಡ್ರಮ್ಮರ್ ಚಿಕ್ಕಂದಿನಲ್ಲಿ ಚೆಂಡೆ ಕಲಿತವನು, ಯಕ್ಷಗಾನದ ಹಿಮ್ಮೇಳ ಕೇಳಿಯೇ ಬೆಳೆದವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವೇನಲ್ಲ, ಇಲ್ಲಿ ಮಕ್ಕಳು ಸಹ ತ್ರಿವುಡೆ, ಝಂಪೆ ಅಂತ ಬಾಯಲ್ಲಿ ಹಾಕುತ್ತಾರೆ. ಅವನು ತ್ರಿವುಡೆ ತಾಳದ ಏಳು ಮಾತ್ರೆಯನ್ನು ಮೂರು, ಎರಡು, ಎರಡು ಅಂತ ಒಡೆದು ನುಡಿಸಿದ. ಬೇರೆ ಊರಿನ ರಾಕ್ ಹುಡುಗರು ಏಳರ ತಾಳವನ್ನು ಬೆರಳು ಮಡಚಿ ಎಣಿಸುತ್ತಾರೆ, ಇವನು ಎಣಿಸುವುದೇ ಇಲ್ಲ. ಅದರ ಮೇಲೆ ನಾನು ನಾಲ್ಕು ಮಾತ್ರೆಯ ಒಂದು ಸಣ್ಣ ಸಾಲು ನುಡಿಸಿದೆ. 28 ಮಾತ್ರೆಗೊಮ್ಮೆ ಇಬ್ಬರೂ ಒಟ್ಟಿಗೆ ಬಂದು ಬೀಳುತ್ತೇವೆ. ಆ ಬೀಳುವ ಜಾಗಕ್ಕೆ ಬಾಸ್ ಬಂದರೆ ಸಾಕು, ಉಳಿದ ಕಡೆ ಸುಮ್ಮನಿರು ಅಂತ ಯಜಮಾನ ಹೇಳಿದ. ಬಾಸಿನವನಿಗೆ ಸ್ವಲ್ಪ ಬೇಜಾರಾಯಿತು. ಹಾಡಿಗೆ ಒಳ್ಳೆಯದಾಯಿತು.

ಸಾಹಿತ್ಯಕ್ಕೆ ಊರಿನ ಒಬ್ಬ ಕನ್ನಡ ಮೇಷ್ಟ್ರನ್ನು ಹಿಡಿದೆವು. ಅವರು ರಾಕ್ ಕೇಳಿದವರೇ ಅಲ್ಲ. ಗೋದಾಮಿಗೆ ಬಂದು, ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿ, 'ಇದಕ್ಕೆ ಭಾಮಿನಿ ಕೂರುತ್ತದೆ' ಅಂದರು. ನೋಡಿದರೆ ಹೌದು! ಭಾಮಿನಿ ಷಟ್ಪದಿ ನಡೆಯುವುದೇ ಮೂರು ನಾಲ್ಕು, ಮೂರು ನಾಲ್ಕು ಅಂತ. ಮೊದಲ ಎರಡು ಸಾಲಿಗೆ 14 ಮಾತ್ರೆ, ನಮ್ಮ ತಾಳದ ಎರಡೆರಡು ಸುತ್ತು, ಸರಿಯಾಗಿ ಕೂತಿತು. ತಕರಾರು ಬಂದದ್ದು ಮೂರನೇ ಸಾಲಿಗೆ. ಅಲ್ಲಿ ಮೂರು ಸುತ್ತು ಮುಗಿದ ಮೇಲೆ ಒಂದು ಗುರು, ಅಂದರೆ ಎರಡು ಮಾತ್ರೆ ಉಳಿಯುತ್ತದೆ, ಒಟ್ಟು 23. ಆ ಎರಡನ್ನು ಏನು ಮಾಡುವುದು? ಸುತ್ತು ತುಂಬಿಸಿ ಐದು ಮಾತ್ರೆ ಖಾಲಿ ಬಿಡೋಣ ಅಂದ ಗಿಟಾರಿನವ. ಬೇಡ, ಎರಡಕ್ಕೇ ಕಡಿದು ಮುಂದಿನ ಸಾಲಿಗೆ ಹಾರೋಣ ಅಂದ ಡ್ರಮ್ಮರ್. ಎರಡೂ ರೀತಿ ರೆಕಾರ್ಡ್ ಮಾಡಿ ಕೇಳಿದೆವು. ಕಡಿದದ್ದರಲ್ಲಿ ಕಾಲು ಜಾರಿದ ಹಾಗೆ ಒಂದು ಮಜಾ ಇತ್ತು. ಅದನ್ನೇ ಇಟ್ಟೆವು. ಈಗ ಕೇಳುವವರು ಅಲ್ಲೇ ತಲೆ ಎತ್ತಿ ನೋಡುತ್ತಾರೆ.

ಇಷ್ಟು ಉದ್ದದ ಹಾಡಿನ ರೂಪ ಎಲ್ಲರ ತಲೆಯಲ್ಲೂ ಒಂದೇ ಆಗಿರಲು ಪಿಂಕ್ ಫ್ಲಾಯ್ಡಿನ ಒಂದು ಉಪಾಯ ಕದ್ದೆವು. 1968ರಲ್ಲಿ ಹಾಡು ಬರೆಯುತ್ತಿದ್ದ ಸಿಡ್ ಬ್ಯಾರೆಟ್ ಬ್ಯಾಂಡಿನಿಂದ ದೂರವಾದ ಹೊತ್ತಿನಲ್ಲಿ ಅವರು ಒಂದು ಉದ್ದದ ತುಣುಕನ್ನು ನಕ್ಷೆಯ ಹಾಗೆ ಕಾಗದದ ಮೇಲೆ ಬರೆದು ಕಟ್ಟಿದರು. ರೋಜರ್ ವಾಟರ್ಸ್, ನಿಕ್ ಮೇಸನ್ ಇಬ್ಬರೂ ಆರ್ಕಿಟೆಕ್ಚರ್ ಓದಿದವರು. ನಾವು ಅಡಿಕೆ ಅಂಗಡಿಯ ಕ್ಯಾಲೆಂಡರಿನ ಹಿಂಬದಿ ಬಳಸಿದೆವು. ಎಲ್ಲಿ ಏರಬೇಕು, ಎಲ್ಲಿ ತಗ್ಗಬೇಕು, ಎಲ್ಲಿ ಡ್ರಮ್ ಒಂದೇ ಇರಬೇಕು ಅಂತ ಗೆರೆ ಎಳೆದು ಗೋಣಿಚೀಲಕ್ಕೆ ಪಿನ್ನು ಚುಚ್ಚಿದೆವು.

ಹಾಡುವುದು ಬಾಸಿನವನ ಪಾಲಿಗೆ ಬಂತು. ಡ್ರಮ್ಮರ್ ಹಾಡಲಿ ಅಂತ ಎಲ್ಲರೂ ಹೇಳುತ್ತಾರೆ, ಕಾಲಿನ್ಸ್ ನೋಡಿ, ಡಿವರ್ಜಿಲಿಯೋ ನೋಡಿ ಅಂತ. ಆದರೆ ಅವರು ಮೈಕಿಗೆ ಬಂದಾಗ ಸ್ಟೇಜಿನಲ್ಲಿ ಡ್ರಮ್ಮಿಗೆ ಬೇರೆಯವರನ್ನು ತಂದಿದ್ದರು. 1976ರ ಪ್ರವಾಸಕ್ಕೆ ಜೆನೆಸಿಸ್ ಕರೆದದ್ದು ಆಗಲೇ ಹೆಸರು ಮಾಡಿದ್ದ ಡ್ರಮ್ಮರ್ ಬಿಲ್ ಬ್ರೂಫೋರ್ಡನ್ನು! ಬದಿಯಡ್ಕದಲ್ಲಿ ನಾವು ಯಾರನ್ನು ಕರೆಯೋಣ ಹೇಳಿ.

ಹಳೇ ಹಾಡು ಯಾವಾಗ ನುಡಿಸುತ್ತೀರಿ ಅಂತ ಈಗಲೂ ಕೇಳುತ್ತಾರೆ. ನುಡಿಸುತ್ತೇವೆ, ಆದರೆ ಕೊನೆಗೆ ಇಡುವುದಿಲ್ಲ. ಕೊನೆಗಿಟ್ಟರೆ ಹೊಸದೆಲ್ಲ ಅದಕ್ಕೆ ಕಾಯುವ ಹೊತ್ತು ಅಂತಾಗಿಬಿಡುತ್ತದೆ. ಹೋದವನಿಗೆ ಹೊಸ ಹಾಡು ಕಳಿಸಿದೆವು. 'ನಡುವಿನ ಕೀಬೋರ್ಡ್ ಸೋಲೋ ಉದ್ದ ಆಯಿತು' ಅಂತ ಉತ್ತರ ಬಂತು. ಆ ಹಾಡಿನ ಯಜಮಾನನಿಗೆ ತೋರಿಸಿದೆ, ಅವನು ನಕ್ಕು ಇರಲಿ ಅಂದ. ಮುಂದಿನ ಹಾಡಿಗೆ ಯಜಮಾನ ಬಾಸಿನವನು. ಕೀಬೋರ್ಡ್ ಸೋಲೋನೇ ಬೇಡ ಅಂತ ಅವನು ಈಗಲೇ ಹೇಳಿಬಿಟ್ಟಿದ್ದಾನೆ.