ಸ್ಮಾರ್ಟ್ ಸಾರಿಗೆಗೆ ಮಡಿಕೇರಿ ತಯಾರಿದೆಯಾ? ಮೊದಲು ಟೈಂ ಕೀಪರ್‌ನ ಕೇಳಿ

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ನೂರು ಊರುಗಳಲ್ಲಿ ಮಡಿಕೇರಿ ಇರಲಿಲ್ಲ. ಆದರೂ ಬಸ್ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ಕಾಣಬೇಕು, ರಾಜಾಸೀಟ್ ಹತ್ತಿರ ಪಾರ್ಕಿಂಗ್ ಖಾಲಿ ಇದೆಯಾ ಅಂತ ಕುಶಾಲನಗರದಲ್ಲೇ ಗೊತ್ತಾಗಬೇಕು ಅನ್ನುವ ಮಾತು ಇಲ್ಲೂ ಜೋರಾಗಿದೆ. ಇಂಥದ್ದಕ್ಕೆಲ್ಲ ಊರು ಎಷ್ಟು ತಯಾರಿದೆ ಅಂತ ನೋಡಿ ವರದಿ ಕೊಡುವುದು ನನ್ನ ಕೆಲಸ.

ಇದಕ್ಕೆ ಸಿದ್ಧ ಪಟ್ಟಿಗಳಿವೆ. ರಸ್ತೆ, ನೆಟ್‌ವರ್ಕ್, ಮಾಹಿತಿ, ಹಣ, ಸಿಬ್ಬಂದಿ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಹಿಡಿದುಕೊಂಡು ಕಚೇರಿಗಳಿಗಷ್ಟೇ ಹೋಗಿ ಬಂದರೆ ಕಡತದಲ್ಲಿರುವ ಊರಷ್ಟೇ ಸಿಗುತ್ತದೆ. 2012ರಲ್ಲಿ ಮೈಸೂರಿನ ಸಿಟಿ ಬಸ್‌ಗಳಿಗೆ, ಬಸ್ ಎಲ್ಲಿದೆ ಅಂತ ತೋರಿಸುವ ‘ಮಿತ್ರ’ ವ್ಯವಸ್ಥೆ ಬಂದಾಗ ಬಸ್‌ಗಳೆಲ್ಲ ಕೆಎಸ್‌ಆರ್‌ಟಿಸಿಯವು. ಒಂದು ಕಡೆ ತೀರ್ಮಾನವಾದರೆ ಎಲ್ಲ ಬಸ್‌ಗೂ ಜಿಪಿಎಸ್ ಬರುತ್ತಿತ್ತು. ಆದರೆ ಕೊಡಗಿನ ಹಳ್ಳಿ ದಾರಿಗಳಲ್ಲಿ ಖಾಸಗಿ ಬಸ್‌ಗಳು ಬೇಕಾದಷ್ಟಿವೆ. ಒಬ್ಬೊಬ್ಬ ಮಾಲೀಕರದ್ದು ಒಂದೊಂದು ಲೆಕ್ಕ.

ಎಲ್ಲರನ್ನೂ ಒಂದೇ ಹಾಲ್‌ಗೆ ಕರೆಯುವ ಪದ್ಧತಿ ನನಗೆ ಆಗಿ ಬರುವುದಿಲ್ಲ. ಸಾಹೇಬರು ಮಾತಾಡುತ್ತಾರೆ, ಉಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹಾಗಾಗಿ ಮೊದಲು ಒಂದೊಂದು ಗುಂಪನ್ನು ಅವರಿದ್ದಲ್ಲೇ ಹೋಗಿ ಕಂಡೆ. ಡ್ರೈವರ್, ಕಂಡಕ್ಟರ್‌ಗಳನ್ನು ಎರಡು ಟ್ರಿಪ್ ನಡುವೆ. ಮಾಂದಲ್‌ಪಟ್ಟಿ ಜೀಪಿನವರನ್ನು ಪ್ರವಾಸಿಗರು ಕಡಿಮೆ ಇರುವ ವಾರದ ದಿನ. ತೋಟದ ಕೆಲಸದವರನ್ನು ಸಂಜೆ ಲೈನ್ ಮನೆಗಳಲ್ಲಿ, ಅದೂ ಕಾಫಿ ಕುಯ್ಲು ಮುಗಿದ ಮೇಲೆ. ಕೆಲವರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ಲೈನ್‌ನಲ್ಲೇ ಇದ್ದ ಪಿಯುಸಿ ಓದುವ ಹುಡುಗಿ ನಡುವೆ ಕೂತು ಎರಡೂ ಕಡೆಯ ಮಾತು ದಾಟಿಸಿದಳು.

ಕೇಳುವ ಪ್ರಶ್ನೆಯನ್ನೂ ಬದಲಿಸಿದೆ. ‘ಆ್ಯಪ್ ಬೇಕಾ?’ ಅಂದರೆ ಎಲ್ಲರೂ ಬೇಕು ಅನ್ನುತ್ತಾರೆ, ಸುಮ್ನೆ ಬರೋದನ್ನ ಯಾರು ಬೇಡ ಅಂತಾರೆ? ‘ಬಸ್ ಬರದಿದ್ದರೆ ಈಗ ಏನು ಮಾಡುತ್ತೀರಿ?’ ಅಂತ ಕೇಳಿದೆ. ಆಗ ವಿಷಯ ಹೊರಬಂತು. ಲೈನ್ ಮನೆಯ ಹೆಂಗಸರು ಕಂಡಕ್ಟರ್‌ಗೇ ಫೋನ್ ಮಾಡುತ್ತಾರೆ. ಡ್ರೈವರ್‌ಗಳದ್ದೊಂದು ವಾಟ್ಸಾಪ್ ಗುಂಪಿದೆ. ಎಲ್ಲಿ ಮರ ಬಿತ್ತು, ಯಾವ ರಸ್ತೆ ಬಂದ್ ಆಯಿತು ಅನ್ನುವುದು ಅದರಲ್ಲಿ ಫೋಟೋ ಸಮೇತ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ರಸ್ತೆ ಮುಚ್ಚಿದ್ದನ್ನು ಕಂಡವರು ಇವರು. ದಾರಿಯ ಸುದ್ದಿ ಮೊದಲು ತಿಳಿಯಬೇಕು ಅನ್ನುವುದನ್ನು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಲಿತಿದ್ದು ಖಾಸಗಿ ಬಸ್ ನಿಲ್ದಾಣದ ಟೈಂ ಕೀಪರ್ ಒಬ್ಬರ ಹತ್ತಿರ. ಅವರದ್ದು ಉದ್ದನೆಯ ನೋಟ್ ಪುಸ್ತಕ, ಮಳೆಯ ತೇವಕ್ಕೆ ಹಾಳೆಗಳು ಉಬ್ಬಿದ್ದವು. ಬಸ್ ಬಂದ ಹೊತ್ತು, ಬಿಟ್ಟ ಹೊತ್ತು ಸಾಲಾಗಿ ಬರೆದಿದ್ದರು. ಜುಲೈ ಪುಟಗಳ ಅಂಚಿನಲ್ಲಿ ಒಂದೊಂದೇ ಪದ: ‘ಮರ’, ‘ಬರೆ’, ‘ನೀರು’. ಮರ ಬಿದ್ದದ್ದು, ಬರೆ ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬ ಕುಸಿದದ್ದು, ಭಾಗಮಂಡಲ ಕಡೆ ರಸ್ತೆಗೆ ನೀರು ಬಂದದ್ದು. ನನ್ನ ಪಟ್ಟಿಯಲ್ಲಿ ‘ಡಿಜಿಟಲ್ ಮಾಹಿತಿ’ ಅನ್ನುವ ಸಾಲಿಗೆ ಒಂದೇ ಅಂಕ ಗತಿ ಅಂದುಕೊಂಡಿದ್ದವನ ಕೈಗೆ ಇದು ಸಿಕ್ಕಿತು. ಕಂಪ್ಯೂಟರ್‌ಗೆ ಹೋಗಿಲ್ಲ, ಅಷ್ಟೇ.

ಇದಕ್ಕೆ ಉಲ್ಟಾ ಇನ್ನೊಂದು. ಹೊಸ ಬಸ್‌ಗಳಿಗೆ ಲೊಕೇಶನ್ ಡಬ್ಬಿ, ಪ್ಯಾನಿಕ್ ಬಟನ್ ಕಡ್ಡಾಯ ಅಂತ ಕೇಂದ್ರದ ನಿಯಮವೇ ಇದೆ. ಡ್ಯಾಶ್‌ಬೋರ್ಡ್ ಕೆಳಗಿದ್ದ ಡಬ್ಬಿಯನ್ನು ಡ್ರೈವರ್ ಒಬ್ಬರು ತಟ್ಟಿ ತೋರಿಸಿದರು. ‘ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸೋಕೆ ಇದು ಬೇಕು ಸಾರ್. ಆಮೇಲೆ ಇದನ್ನ ಯಾರು ನೋಡ್ತಾರೋ ನಂಗೊತ್ತಿಲ್ಲ.’ ಕಾಗದದ ಮೇಲೆ ಈ ಸಾಲಿಗೆ ಪೂರ್ತಿ ಅಂಕ ಬರುತ್ತದೆ ನೋಡಿ!

ಗುಂಪುಗಳ ಅಂಕ ಕೂಡಿಸಿ ಸರಾಸರಿ ತೆಗೆಯುವ ಕ್ರಮವನ್ನು ನಾನು ಬಿಟ್ಟೆ. ಕಚೇರಿಯವರು ನಾಲ್ಕು ಕೊಟ್ಟು, ಡ್ರೈವರ್‌ಗಳು ಒಂದು ಕೊಟ್ಟರೆ ಸರಾಸರಿ ಎರಡೂವರೆಯಿಂದ ಏನು ತಿಳಿದ ಹಾಗಾಯಿತು? ಇಂಥ ಸಾಲುಗಳನ್ನೇ ಆರಿಸಿ, ಕೊನೆಗೆ ಎಲ್ಲರನ್ನೂ ಕೂರಿಸಿದೆ. ನೆಟ್‌ವರ್ಕ್ ವಿಷಯದಲ್ಲಿ ಜಗಳವೇ ಆಯಿತು. ಬೇಸಿಗೆಯಲ್ಲಿ ಸಿಗ್ನಲ್ ಚೆನ್ನಾಗಿದೆ, ನಿಜ. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಹೋದರೆ ಟವರ್ ಕೂಡ ಮಲಗುತ್ತದೆ. ಬಸ್ ಮಾಹಿತಿ ತೀರಾ ಬೇಕಾಗುವುದು ಆಗಲೇ ಅಲ್ವಾ? ಅದಕ್ಕೇ ಅಂಕವನ್ನು ಬೇಸಿಗೆಗೊಂದು, ಮಳೆಗಾಲಕ್ಕೊಂದು ಅಂತ ಬೇರೆ ಮಾಡಿದೆವು. ನಿಲ್ದಾಣದಲ್ಲಿ ಎಲ್‌ಇಡಿ ಬೋರ್ಡ್ ಹಾಕಿದರೂ ಬಸ್ ಹೊತ್ತು ಬರೆಯುವ ಕಪ್ಪು ಹಲಗೆ ತೆಗೆಯಬಾರದು ಅಂತ ವರದಿಗೆ ಸೇರಿಸಿದೆವು.

ಹೋಂಸ್ಟೇಯವರಿಗೆ ಪಾರ್ಕಿಂಗ್ ಮೊದಲು ಆಗಬೇಕು, ತೋಟದವರಿಗೆ ಕೊನೆ ಬಸ್ಸಿನ ಸುದ್ದಿ. ಕೊನೆ ಬಸ್ ತಪ್ಪಿದವರು ನಡೆಯಬೇಕು, ಆನೆ ಓಡಾಡುವ ದಾರಿ ಬೇರೆ. ಆದ್ದರಿಂದ ಕೊನೆ ಬಸ್ಸಿಗೆ ಮೊದಲ ಸ್ಥಾನ ಕೊಟ್ಟೆ. ಹೋಂಸ್ಟೇಯವರಿಗೆ ಬೇಸರವಾಯಿತು, ಆಗಲಿ.

ಭಾಗಮಂಡಲ ದಾರಿಯಲ್ಲಿ ಪ್ರಯೋಗ ಮಾಡಲು ಮಾಲೀಕರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ತಮ್ಮ ಬಸ್ ಎಲ್ಲಿದೆ ಅಂತ ಪ್ರಯಾಣಿಕರಿಗೆ ಕಾಣಲಿ, ಆದರೆ ಹಿಂದಿನ ದಿನಗಳ ದಾಖಲೆ ಇನ್ನೊಬ್ಬ ಮಾಲೀಕರ ಕೈಗೆ ಹೋಗಬಾರದು. ನ್ಯಾಯವಾದ ಮಾತೇ. ಆ ದಾಖಲೆ ಯಾರ ಬಳಿ ಇರಬೇಕು, ಎಷ್ಟು ದಿನ ಇರಬೇಕು ಅಂತ ಈಗ ಒಪ್ಪಂದದ ಕರಡು ಬರೆಯುತ್ತಿದ್ದೇವೆ. ಮಾಲೀಕರ ಜೊತೆ ಟೈಂ ಕೀಪರ್ ಕೂಡ ಅದನ್ನು ಓದಿ ನೋಡುತ್ತಾರೆ.