ಗ್ಯಾಸ್ ಫ್ರಿಜ್ ತಣ್ಣಗಾಗ್ತಿಲ್ವಾ? ಮೊದಲು ಅದು ಕೂತಿರೋ ನೆಲ ನೋಡಿ

ಕಾರವಾರದ ಹತ್ತಿರ ಮಾಜಾಳಿ ಬೀಚಿನಲ್ಲಿ ಟೆಂಟ್ ಹಾಕಿದ್ದೆವು. ಸಂಜೆ ತಂದ ಬಂಗಡೆಯನ್ನು ಗ್ಯಾಸ್ ಫ್ರಿಜ್ಜಿನಲ್ಲಿ, ಅಂದರೆ ಸಿಲಿಂಡರ್ ಗ್ಯಾಸಿನ ಉರಿಯಿಂದಲೂ ಕರೆಂಟಿನಿಂದಲೂ ಓಡುವ ಫ್ರಿಜ್ಜಿನಲ್ಲಿಟ್ಟು ಮಲಗಿದರೆ, ಬೆಳಿಗ್ಗೆ ಎಚ್ಚರ ಆಗಿದ್ದೇ ವಾಸನೆಗೆ. ಉರಿ ಸರಿಯಾಗೇ ಇತ್ತು. ನಾನು ಅದನ್ನು ಮರಳಿನ ಇಳಿಜಾರಿನಲ್ಲಿ ಇಟ್ಟಿದ್ದೆ, ಅಷ್ಟೇ.

ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ಒಳಗೆ ಸೀಲ್ ಆಗಿರುತ್ತವೆ. ಕೆಳಗಿನ ಉರಿಗೆ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ದ್ರವವಾಗಿ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಎರಡು ಮೂರು ಡಿಗ್ರಿಗಿಂತ ಜಾಸ್ತಿ ವಾಲಿದರೆ ಅದು ದಾರಿಯಲ್ಲೇ ನಿಂತುಬಿಡುತ್ತದೆ. ಹಾಗೇ ದಿನಗಟ್ಟಲೆ ಓಡಿಸಿದರೆ ಈ ಸೀಲ್ ಆದ ಕೊಳವೆಗಳ ಯೂನಿಟ್ಟೇ ಹಾಳು. ಗಾರೆ ಕೆಲಸದವರ ಹತ್ತಿರ ಇರುತ್ತಲ್ಲ ರಸಮಟ್ಟ, ಅದನ್ನು ಫ್ರಿಜ್ಜಿನ ಒಳಗಿನ ತಳದಲ್ಲಿ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಮರಳಾದರೆ ಕೆಳಗೊಂದು ಹಲಗೆ ಹಾಕಿ.

ಮಟ್ಟ ಸರಿ ಇದ್ದೂ ತಣ್ಣಗಾಗದಿದ್ದರೆ ಮನೆಗೆ ತಂದು ಕರೆಂಟಿಗೆ ಹಾಕಿ, ಐದಾರು ಗಂಟೆ ಬಿಡಿ. ಅವಸರ ಬೇಡ, ಇದರ ಸ್ವಭಾವವೇ ನಿಧಾನ. ಕರೆಂಟಿನಲ್ಲಿ ತಣ್ಣಗಾಗಿ ಗ್ಯಾಸಿನಲ್ಲಿ ಆಗದಿದ್ದರೆ ತೊಂದರೆ ಬರ್ನರಿನದು. ಎರಡರಲ್ಲೂ ಇಲ್ಲ, ಹಿಂದೆ ಹಳದಿ ಕಲೆ ಇದೆ, ಮೂಗಿಗೆ ಅಮೋನಿಯಾ ಘಾಟು ಬಡಿಯುತ್ತಿದೆ ಎಂದರೆ ಯೂನಿಟ್ ಸೋರಿದೆ. ತಕ್ಷಣ ಆರಿಸಿ ಹೊರಗಿಡಿ. ಮಾಮೂಲಿ ಫ್ರಿಜ್ಜಿನ ಹಾಗೆ ಗ್ಯಾಸ್ ತುಂಬಿಸಿ ಸರಿ ಮಾಡುವ ವಸ್ತು ಅಲ್ಲ ಇದು.

ಬರ್ನರಿನ ವಿಷಯಕ್ಕೆ ಬಂದರೆ, ನಮ್ಮ ಕಡೆ ಮಳೆಗಾಲ ಪೂರ್ತಿ ಮೂಲೆಯಲ್ಲಿಟ್ಟ ಫ್ರಿಜ್ಜಿಗೆ ಉಪ್ಪುಗಾಳಿಯ ತುಕ್ಕು ಹಿಡಿಯುತ್ತದೆ, ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆ. ಸಿಲಿಂಡರ್ ಬಂದ್ ಮಾಡಿ, ಎಲ್ಲ ಆರಿದ ಮೇಲೆ ಬಿಚ್ಚಿ. ತುಕ್ಕು, ಮಸಿ ಬ್ರಷ್ಷಿನಲ್ಲಿ ಹೋಗುತ್ತದೆ. ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ಟಿಗೆ ಮಾತ್ರ ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾದರೆ ಉರಿ ಕೆಟ್ಟಿತು ಅಂತಲೇ ಲೆಕ್ಕ. ಸ್ಪಿರಿಟ್ಟಿನಲ್ಲಿ ನೆನೆಸಿ ಒಣಗಿಸಿ. ಮತ್ತೆ ಜೋಡಿಸಿದ ಮೇಲೆ ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತಾ ನೋಡಿ, ಆಮೇಲೆ ಹೊತ್ತಿಸಿ. ಉರಿ ನೀಲಿ ಇರಬೇಕು.

ನಾಬ್ ಬಿಟ್ಟ ಕೂಡಲೇ ಆರುತ್ತಾ? ಹದಿನೈದು ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ. ಆಗಲೂ ಉರಿ ಉಳಿಯದಿದ್ದರೆ, ಉರಿಯ ಬಿಸಿ ತಗುಲಿದರೆ ಮಾತ್ರ ಗ್ಯಾಸ್ ಬಿಡುವ ಥರ್ಮೋಕಪಲ್ಲಿನ ತುದಿ ಉರಿಗೆ ತಾಗುತ್ತಿಲ್ಲ, ಇಲ್ಲ ಮಸಿ ಹಿಡಿದಿದೆ. ಬೀಚಿನ ಗಾಳಿಯೂ ಆರಿಸುತ್ತದೆ, ಹಿಂಭಾಗ ಗಾಳಿಗೆ ಎದುರಾಗದ ಹಾಗೆ ತಿರುಗಿಸಿ. ಹಾಗಂತ ಟೆಂಟಿನೊಳಗೆ ಇಡಲೇಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ಹೋಗುತ್ತದೆ. ರೆಗ್ಯುಲೇಟರ್ ಫ್ರಿಜ್ಜಿನ ಪಟ್ಟಿಯಲ್ಲಿ ಬರೆದ ಒತ್ತಡದ್ದೇ ಇರಲಿ. ಹೋಟೆಲ್ ಭಟ್ಟಿಯ ಹೈ ಪ್ರೆಶರ್ ರೆಗ್ಯುಲೇಟರ್ ಹಾಕುವುದು ಹುಚ್ಚುತನ.

ಎಲ್ಲ ಸರಿ ಇದ್ದರೂ ಇದು ಹೊರಗಿನ ಸೆಕೆಗಿಂತ ಸುಮಾರು 20ರಿಂದ 25 ಡಿಗ್ರಿಯಷ್ಟೇ ಇಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೆ 33 ಇದ್ದರೆ ಒಳಗೆ 8ರಿಂದ 13, ಅಲ್ವಾ? ನೆರಳಲ್ಲಿಡಿ, ಹಿಂದಿನ ಜಾಲರಿಗೆ ಗಾಳಿ ಆಡಲಿ, ಸಾಮಾನನ್ನು ಮನೆಯಲ್ಲೇ ತಣ್ಣಗೆ ಮಾಡಿ ತುಂಬಿ. ಮುರುಗಲು ಪಾನಕ, ಮಜ್ಜಿಗೆಗೆ ಅಷ್ಟು ಸಾಕು. ಬಂಗಡೆಯನ್ನು ಮಾತ್ರ ನಾನೀಗ ಐಸ್ ತುಂಬಿದ ಡಬ್ಬಿಯಲ್ಲೇ ಇಡುತ್ತೇನೆ.