ಹೆಡ್ ಇಳಿಸದೆ ಕರಿ ಇಳಿಸಿದ್ದು

ನನ್ನದು ಕೇರಳದ ಕಾಸರಗೋಡಿನ ಕೆಎಲ್ 14 ನೋಂದಣಿಯ ಹಳೆಯ ಮಾರುತಿ 800, ಕಾರ್ಬ್ಯುರೇಟರ್ ಕಾಲದ್ದು. ಕಳೆದ ವರ್ಷದವರೆಗೆ ಕೀಲಿ ತೆಗೆದು ಕಿಸೆಗೆ ಹಾಕಿದ ಮೇಲೂ ಎಂಜಿನ್ ಏಳೆಂಟು ಸೆಕೆಂಡು ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಧರ್ಮತ್ತಡ್ಕದಿಂದ ಪೊಸಡಿಗುಂಪೆಯ ಕಡೆಗೆ ಏರುವಾಗ ಎರಡನೇ ಗೇರಿನಲ್ಲೂ ಡಬ್ಬಿಯೊಳಗೆ ಜಲ್ಲಿ ಅಲ್ಲಾಡಿಸಿದ ಹಾಗೆ ನಾಕಿಂಗ್. ಈಗ ಎರಡು ಗೋಣಿ ಅಡಿಕೆ ಹೇರಿಕೊಂಡು ಅದೇ ಏರನ್ನು ಮುಕ್ಕಾಲು ಪಾಲು ಮೂರನೇ ಗೇರಿನಲ್ಲಿ ಹತ್ತಿಸುತ್ತೇನೆ. ಎರಡಕ್ಕೂ ಕಾರಣ ಎಂಜಿನ್ನಿನೊಳಗೆ ಪಿಸ್ಟನ್ನಿನ ತಲೆಯ ಮೇಲೆ ಕಟ್ಟಿದ ಕರಿ, ಅಂದರೆ ಕಾರ್ಬನ್. ಅದನ್ನು ತೆಗೆಯಲು ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಲಿಲ್ಲ. ಬಿಚ್ಚದೆ ಆಗುವ ಕೆಲಸವಲ್ಲ ಎಂದವರು ಮೂವರು. ಇಬ್ಬರು ಗ್ಯಾರೇಜಿನವರು, ಇನ್ನೊಬ್ಬರು ನನ್ನ ಹೆಂಡತಿಯ ಅಣ್ಣ. ಮೂವರೂ ಬಂಡಿಯನ್ನು ಓಡಿಸಿ ನೋಡಿ ಆಯಿತು, ಆದ್ದರಿಂದ ಬರೆಯುತ್ತಿದ್ದೇನೆ.

ಕರಿ ಕಟ್ಟಿದ್ದು ನಮ್ಮ ಓಡಾಟದಿಂದಲೇ. ಬೆಳಿಗ್ಗೆ ಚೋಕ್ ಎಳೆದು ಹಾಲಿನ ಸೊಸೈಟಿಗೆ ಎರಡು ಕಿಲೋಮೀಟರ್, ಎಂಜಿನ್ ಬಿಸಿಯಾಗುವ ಮೊದಲೇ ಮನೆ. ಸಂಜೆಯೂ ಅಷ್ಟೇ. ಜೊತೆಗೆ ವಾಲ್ವ್ ಸೀಲುಗಳು ಸವೆದು ಸ್ವಲ್ಪ ಎಣ್ಣೆಯೂ ಉರಿಯುತ್ತಿತ್ತು. ಗ್ಯಾರೇಜಿನಲ್ಲಿ ನಾಕಿಂಗ್ ಹೋಗಲೆಂದು ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತನ್ನು, ಹಿಂದೆ ಮಾಡಿಕೊಟ್ಟರು. ಸದ್ದು ಕಡಿಮೆಯಾಯಿತು, ಶಕ್ತಿಯೂ ಹೋಯಿತು, ಮೈಲೇಜ್ ಹನ್ನೆರಡಕ್ಕೆ ಇಳಿಯಿತು. ಇನ್ನೊಂದು ಕಡೆ ಕೀಲಿ ತೆಗೆದಾಗ ಪೆಟ್ರೋಲ್ ತಡೆಯುವ ಕಾರ್ಬ್ಯುರೇಟರಿನ ಸೊಲೆನಾಯ್ಡ್ ಬದಲಿಸಿದರು. ಗುಡುಗುಡು ಹಾಗೆಯೇ ಉಳಿಯಿತು. ಕೊನೆಗೆ ಹೆಡ್ ಇಳಿಸಿ ಕರಿ ಕೆರೆಯಲು ಹನ್ನೊಂದು ಸಾವಿರ ಎಂದು ಲೆಕ್ಕ ಕೊಟ್ಟರು. ಬಂಡಿ ಮಾರಿದರೆ ಬರುವುದೇ ಮೂವತ್ತು ಸಾವಿರ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ನನ್ನಲ್ಲೇ ಇದೆ. ಹಾಕಿ ನೋಡಿದರೆ ಎರಡು ಸಿಲಿಂಡರ್ ಹದಿಮೂರರ ಆಸುಪಾಸು, ನಡುವಿನದು ಹದಿನೈದು. 'ಕಂಪ್ರೆಷನ್ ಚೆನ್ನಾಗಿದೆ, ಎಂಜಿನ್ ಗಟ್ಟಿ' ಎಂದರು ಭಾವ. ನನಗೆ ಅನುಮಾನ ಬಂದದ್ದೇ ಅಲ್ಲಿ. ಹಳೆಯ ಎಂಜಿನ್ನಿನಲ್ಲಿ ಒಂದೇ ಸಿಲಿಂಡರ್ ಹೆಚ್ಚು ತೋರಿಸಿದರೆ ಅಲ್ಲಿ ಜಾಗ ಕಡಿಮೆಯಾಗಿದೆ ಎಂದರ್ಥ. ಆರುನೂರು ರೂಪಾಯಿಯ ಮೊಬೈಲ್ ಕ್ಯಾಮರಾ ತರಿಸಿ ಪ್ಲಗ್ಗಿನ ತೂತಿನಿಂದ ಇಳಿಸಿದೆ. ಪಿಸ್ಟನ್ನಿನ ತಲೆಯ ಮೇಲೆ ಬಾಣಲೆಯ ತಳಕ್ಕೆ ಹಿಡಿದ ಸೀಕಲಿನಂತೆ ಕರಿ, ನಡುವೆ ಒಣಗಿದ ಗದ್ದೆಯ ಹಾಗೆ ಬಿರುಕು.

ಮೊದಲು ಪೆಟ್ರೋಲಿಗೆ ಬೆರೆಸುವ ಶೀಸೆಗಳನ್ನು ತಂದೆ. ಒಂದಕ್ಕೆ ಮುನ್ನೂರು ಮುನ್ನೂರೈವತ್ತರಂತೆ ಮೂರು. ಕಾರ್ಬ್ಯುರೇಟರ್ ಒಳಗೆ ಹೊಳೆಯಿತು, ಪಿಸ್ಟನ್ ಹಾಗೆಯೇ ಇತ್ತು. ಆಮೇಲೆ ಸೀಮೆಎಣ್ಣೆ. ಪ್ಲಗ್ ತೆಗೆದು ಹೊಯ್ದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲಿನ ಜಿಡ್ಡು ಮಾತ್ರ ಹೋಗಿತ್ತು, ಸೀಮೆಎಣ್ಣೆಯೆಲ್ಲ ಪಿಸ್ಟನ್ ರಿಂಗುಗಳ ಎಡೆಯಿಂದ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ ಇಳಿದಿತ್ತು. ಹತ್ತು ದಿನದ ಹಿಂದೆ ಹಾಕಿದ ಒಳ್ಳೆಯ ಎಣ್ಣೆಯನ್ನು ಚೆಲ್ಲಬೇಕಾಯಿತು. ಅಂದಿನ ಸಂಕಟ ಇನ್ನೂ ನೆನಪಿದೆ. ಎಲ್ಲ ಕೂಡಿಸಿದರೆ ಸುಮಾರು ಐದು ಸಾವಿರ ಹೀಗೆಯೇ ಹೋಯಿತು.

ಮತ್ತೆ ಬಂಡಿಯ ಮೇಲೆ ಪ್ರಯೋಗ ಮಾಡುವುದು ಬೇಡವೆಂದು ಕುಂಬಳೆಯ ಗುಜರಿಯಿಂದ ಕರಿ ಹಿಡಿದ ಹಳೆಯ ಪಿಸ್ಟನ್ ಒಂದನ್ನು ತಂದೆ. ಅದರ ತಲೆಯ ಮೇಲೆ ಮೇಣದಿಂದ ಕಟ್ಟೆ ಕಟ್ಟಿ ನಾಲ್ಕು ಪಾಲು ಮಾಡಿ ಒಂದೊಂದರಲ್ಲಿ ಒಂದೊಂದು ಹೊಯ್ದೆ: ಪೈಂಟ್ ಅಂಗಡಿಯ ಥಿನ್ನರ್, ಕಾಸ್ಟಿಕ್ ಸೋಡಾ ನೀರು, ಪುನರ್ಪುಳಿಯ ಗಟ್ಟಿ ರಸ, ನಾನೇ ಕಲಸಿದ ಮಿಶ್ರಣ. ತಾಮ್ರದ ಪಾತ್ರೆಗೆ ಒಳ್ಳೆಯದಾದ ಪುನರ್ಪುಳಿ ಕರಿಗೆ ಏನೂ ಮಾಡಲಿಲ್ಲ. ಕಾಸ್ಟಿಕ್ ಸೋಡಾ ನೊರೆನೊರೆಯಾಗಿ ಕುದಿಯಿತು, ಕರಿಯ ಜೊತೆಗೆ ಲೋಹವನ್ನೂ ತಿಂದು ಕಪ್ಪು ಗುಳಿ ಮಾಡಿತು. ಪಿಸ್ಟನ್ ಅಲ್ಯೂಮಿನಿಯಂ, ಯಾರೂ ಆ ದಾರಿಗೆ ಹೋಗಬೇಡಿ. ಮನೆಯೊಳಗೆ ಮಾಡಲೂ ಬೇಡಿ, ಬರುವುದು ಹೈಡ್ರೋಜನ್. ಥಿನ್ನರ್ ಕರಿಯನ್ನು ತೇವ ಮಾಡುವಷ್ಟರಲ್ಲಿ ಆರಿತು. ಮಿಶ್ರಣದ ಪಾಲಿನಲ್ಲಿ ಮರುದಿನ ಅಡಿಕೆ ಮರದ ಸೀಳಿನಿಂದ ಒತ್ತಿದರೆ ಕರಿ ನೆನೆದ ಬೆಲ್ಲದಂತೆ ಎದ್ದು ಬಂತು. ಅದರಲ್ಲಿ ಅಸಿಟೋನ್ ಇದೆ, ಆಟೋಮ್ಯಾಟಿಕ್ ಗೇರಿನ ಕೆಂಪು ಎಣ್ಣೆ ಇದೆ. ಮೂರನೆಯದನ್ನೂ ಅಳತೆಯನ್ನೂ ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಮೂರು ಸಿಲಿಂಡರಿನಲ್ಲಿ ಒಂದು ತೊಡಕಿದೆ. ನಾಲ್ಕಿರುವ ಎಂಜಿನ್ನಿನಲ್ಲಿ ಎಲ್ಲ ಪಿಸ್ಟನ್ನುಗಳನ್ನೂ ಅರ್ಧಕ್ಕೆ ತಂದು ನಿಲ್ಲಿಸಬಹುದು, ಇದರಲ್ಲಿ ಆಗುವುದಿಲ್ಲ. ಒಂದು ಕೆಳಗಿದ್ದರೆ ಎರಡು ಮೇಲೆ. ನಾನು ಒಂದೊಂದು ರಾತ್ರಿ ಒಂದೊಂದು ಸಿಲಿಂಡರ್ ನೆನೆಸಿದೆ, ಒಂದಕ್ಕೆ ಮೂವತ್ತು ಎಂಎಲ್ ಸಾಕು. ಮೂರು ರಾತ್ರಿ ಮುಗಿದ ಮೇಲೆ ಪ್ಲಗ್ ಹಾಕದೆ, ಕಾಯಿಲ್ ತಂತಿ ಕಳಚಿ, ತೂತುಗಳ ಮೇಲೆ ಹಳೆಯ ಬಟ್ಟೆ ಹೊದೆಸಿ ಕ್ರ್ಯಾಂಕ್ ಮಾಡಿದೆ. ಈ ಎಂಜಿನ್ 796 ಸಿಸಿ, ಅಂದರೆ ಒಂದು ಸಿಲಿಂಡರಿಗೆ 265. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಮೂವತ್ತು ಮೂವತ್ತೈದು ಸಿಸಿ ಮಾತ್ರ. ಅಷ್ಟು ದ್ರವ ಒಳಗಿದ್ದು ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬಟ್ಟೆಯಿಂದ ಹಾರಿದ ಕಪ್ಪು ರಸ ಬಾನೆಟ್ಟಿನ ಒಳಮೈಗೆಲ್ಲ ಚಿಮ್ಮಿತು. ಎಣ್ಣೆ ಇಳಿಸಿ ಅಗ್ಗದ ಎಣ್ಣೆ ತುಂಬಿದೆ.

ಇಷ್ಟರಿಂದ ಅರ್ಧ ಕೆಲಸ. ಉಳಿದದ್ದನ್ನು ಮಾಡಿದ್ದು ನೀರು. ಓಡುತ್ತಿರುವ ಬಿಸಿ ಎಂಜಿನ್ನಿಗೆ ಅದು ಗಾಳಿ ಎಳೆಯುವ ವ್ಯಾಕ್ಯೂಮ್ ಪೈಪಿನಿಂದ ನೀರು ಕುಡಿಸುವುದು ಹೊಸದಲ್ಲ. ಕಷ್ಟವಿರುವುದು ಅಳತೆಯಲ್ಲಿ, ಕೈಯಿಂದ ಹೊಯ್ದವರು ಎಂಜಿನ್ ಕಳೆದುಕೊಂಡಿದ್ದಾರೆ. ನಾನು ಮೆಡಿಕಲ್ ಅಂಗಡಿಯಿಂದ ಗ್ಲೂಕೋಸ್ ಹಾಕುವ ಡ್ರಿಪ್ ನಳಿಗೆ ತಂದೆ, ಮೂವತ್ತು ರೂಪಾಯಿ ಇರಬಹುದು. ನಾನು ಅದನ್ನು ಬಾನೆಟ್ಟಿಗೆ ತೂಗುಹಾಕಿದ್ದು ಕಂಡ ಭಾವ, 'ಭಾವ, ಇದು ಜೀವ ಉಳಿಸುವುದೋ ತೆಗೆಯುವುದೋ?' ಎಂದರು. ಮೊದಲ ಸಲ ಅವರ ಮಾತೇ ನಿಜವಾಗುವಂತಿತ್ತು. ಎಂಜಿನ್ ನಳಿಗೆಯನ್ನು ಎಳೆದ ರಭಸಕ್ಕೆ ತುದಿಯ ರಬ್ಬರ್ ಬುರುಡೆ ಚಪ್ಪಟೆಯಾಗಿ ನೀರು ನಿಂತಿತು. ಅದನ್ನು ಕತ್ತರಿಸಿ ಜೋಡಿಸಿದರೆ ಗಾಳಿ ಹೋಗಲು ದಾರಿಯಿಲ್ಲದೆ ಬಾಟಲಿಯೇ ಸೊರಗಿತು. ಬಾಟಲಿಯ ಬುಡಕ್ಕೆ ಸೂಜಿ ಚುಚ್ಚಿದ ಮೇಲೆ ನೀರು ಒಮ್ಮೆಲೇ ನುಗ್ಗಿ ಎಂಜಿನ್ ಕೆಮ್ಮಿ ನಿಂತಿತು. ನಾಲ್ಕನೆಯ ಸಲ ಹನಿ ಹಿಡಿತಕ್ಕೆ ತರುವ ನಳಿಗೆಯ ಚಕ್ರವನ್ನು ಪೂರ್ತಿ ಬಿಗಿದು, ಕೂದಲೆಳೆಯಷ್ಟು ಸಡಿಲಿಸಿ, ಸೆಕೆಂಡಿಗೆ ಮೂರು ಹನಿಗೆ ನಿಲ್ಲಿಸಿದೆ. ಇಪ್ಪತ್ತು ಹನಿಗೆ ಒಂದು ಎಂಎಲ್ ಬೀಳುವ ನಳಿಗೆ ಅದು. ಆಕ್ಸಿಲರೇಟರನ್ನು ಎರಡು ಸಾವಿರ ಸುತ್ತಿನ ಅಂದಾಜಿಗೆ ಕಟ್ಟಿಟ್ಟರೆ ಅರ್ಧ ಲೀಟರ್ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಮುಗಿಯಲು ಹೆಚ್ಚುಕಡಿಮೆ ಒಂದು ಗಂಟೆ. ಮೂರೂ ಸಿಲಿಂಡರಿಗೆ ಸಮನಾಗಿ ಹಂಚಿಹೋಗುವಂತೆ ನಳಿಗೆಯನ್ನು ಎಲ್ಲಿ ಸೇರಿಸಿದೆ ಎಂಬುದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ.

ಸೈಲೆನ್ಸರಿನ ಮುಂದೆ ಒಂದು ಬಿಳಿ ಬೈರಾಸನ್ನು ಒದ್ದೆ ಮಾಡಿ ಕಟ್ಟಿದ್ದೆ. ಮೊದಲ ಹತ್ತು ನಿಮಿಷ ಬರೀ ಹಬೆ. ಆಮೇಲೆ ಎಳ್ಳಿನಷ್ಟು, ಕೆಲವು ಮೆಂತ್ಯದಷ್ಟು ದೊಡ್ಡ ಕರಿ ಚೂರುಗಳು ಬೈರಾಸಿಗೆ ಬಂದು ಅಂಟತೊಡಗಿದವು. ಬೆರಳಲ್ಲಿ ಹೊಸಕಿದರೆ ಮರಳಿನಂತೆ ಗರಗರ. ಆಚೆ ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯ ಮೇಲೂ ಬಿದ್ದು ಅಪ್ಪನಿಂದ ಬೈಸಿಕೊಂಡೆ. ಅಡಿಕೆ ಅಂಗಳದಲ್ಲಿರುವಾಗ ಈ ಕೆಲಸಕ್ಕೆ ಬಂಡಿಯನ್ನು ರಸ್ತೆಬದಿಗೆ ಒಯ್ಯಿರಿ.

ವಾರ ಬಿಟ್ಟು ಇನ್ನೊಮ್ಮೆ ಅರ್ಧ ಲೀಟರ್ ಕುಡಿಸಿದೆ. ಕ್ಯಾಮರಾ ಇಳಿಸಿದರೆ ಪಿಸ್ಟನ್ನಿನ ತಲೆಯಲ್ಲಿ ಬೂದುಬಣ್ಣದ ಲೋಹ ಕಾಣಿಸಿತು. ಅಂಚಿನಲ್ಲಿ ಮಾತ್ರ ಉಗುರಿನ ಕಣ್ಣಿನಷ್ಟು ಕರಿ ಉಳಿದಿದೆ, ಅದನ್ನು ಮುಟ್ಟಲಿಲ್ಲ. ಗೇಜಿನಲ್ಲಿ ಮೂರೂ ಹದಿಮೂರರ ಹತ್ತಿರಕ್ಕೆ ಬಂದವು. ಅಗ್ಗದ ಎಣ್ಣೆ ಚೆಲ್ಲಿ ಒಳ್ಳೆಯ ಎಣ್ಣೆ, ಹೊಸ ಫಿಲ್ಟರ್, ಹೊಸ ಪ್ಲಗ್ ಹಾಕಿ ಟೈಮಿಂಗನ್ನು ಮೊದಲಿದ್ದಲ್ಲಿಗೆ ತಂದೆ. ಪೆಟ್ರೋಲಿಗೆ ಕರ್ನಾಟಕದಲ್ಲಿ ಬೆಲೆ ಕಡಿಮೆಯೆಂದು ನಾವು ಗಡಿಯವರು ವಿಟ್ಲದ ಕಡೆ ಹೋದಾಗ ಟ್ಯಾಂಕ್ ತುಂಬಿಸುವುದು ವಾಡಿಕೆ. ತುಂಬಿಸಿದಲ್ಲಿಂದ ತುಂಬಿಸಿದಲ್ಲಿಗೆ ಲೆಕ್ಕ ಹಾಕಿದರೆ ಮೈಲೇಜ್ ಹದಿನಾರು, ಒಮ್ಮೆ ಹದಿನಾರೂವರೆ. ಹೊಗೆ ತಪಾಸಣೆಯಲ್ಲಿ ಶೇಕಡಾ ಮೂರಕ್ಕಿಂತ ಮೇಲಿದ್ದ ಸಿಒ (ಕಾರ್ಬನ್ ಮೊನಾಕ್ಸೈಡ್) ಎರಡರ ಒಳಗೆ ಬಂತು. ಕೊನೆಗೆ ಕೆಲಸಕ್ಕೆ ಬಂದ ವಿಧಾನಕ್ಕೆ ಆದ ಖರ್ಚು ಎರಡೂ ಎಣ್ಣೆ ಸೇರಿ ಎರಡು ಸಾವಿರದ ಇನ್ನೂರು.

ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಬಂಡಿಗಳಲ್ಲಿ ನೆನೆಸುವ ಭಾಗವನ್ನು ನಾನು ಮಾಡಿಲ್ಲ, ಮಾಡಿ ಎಂದು ಹೇಳುವುದೂ ಇಲ್ಲ. ಡೀಸೆಲ್ ಬಂಡಿಗಂತೂ ಈ ಡ್ರಿಪ್ ಬೇಡವೇ ಬೇಡ. ಭಾವನ ಹಳೆಯ ಕಾರ್ಬ್ಯುರೇಟರ್ ಓಮ್ನಿಗೂ ಇದೇ ಎಂಜಿನ್. ಬರುವ ಭಾನುವಾರ ತರುತ್ತೇನೆ ಎಂದಿದ್ದಾರೆ, ಮೂರು ರಾತ್ರಿ ಬಂಡಿ ಇಲ್ಲಿಯೇ ಇರಲಿ ಎಂದಿದ್ದೇನೆ.